ಹೆಸರು ಪೀಠದ ಮೇಲೋ, ಅಡಿಗೋ?

1939ರ ಡಿಸೆಂಬರ್ 13ರ ಬೆಳಗ್ಗೆ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಪ್ಲೇಟ್ ನದಿಯ ಮುಖದಾಚೆ, ಜರ್ಮನ್ ಸಮರನೌಕೆ ಅಡ್ಮಿರಲ್ ಗ್ರಾಫ್ ಸ್ಪೀಗೆ ಮೂರು ಬ್ರಿಟಿಷ್ ಪಾಳಯದ ಹಡಗುಗಳು ಎದುರಾದವು. ಅವುಗಳಲ್ಲಿ ಎರಡನ್ನು ಕ್ಯಾಪ್ಟನ್ ಲಾಂಗ್ಸ್‌ಡಾರ್ಫ್ ಡೆಸ್ಟ್ರಾಯರ್‌ಗಳೆಂದು ತಿಳಿದ. ನಿಜಕ್ಕೂ ಅವು ಏಜಾಕ್ಸ್ ಮತ್ತು ಅಕಿಲೀಸ್ ಎಂಬ ಕ್ರೂಸರ್‌ಗಳು. ಮೂರನೆಯದು ಎಕ್ಸೀಟರ್. ನಾಲ್ಕೇ ಹಡಗುಗಳ ಈ ಕಾಳಗ ನೌಕಾ ವಾರ್‌ಗೇಮ್ ಆಡುವವರಿಗೆ ಅಚ್ಚುಮೆಚ್ಚು. ಖರ್ಚು ಕಡಿಮೆ, ಒಂದು ಸಂಜೆಯೊಳಗೆ ಮುಗಿಯುತ್ತದೆ. ಆದರೆ ಮೇಜಿನ ಮೇಲೆ ಲಾಂಗ್ಸ್‌ಡಾರ್ಫ್‌ನ ತಪ್ಪು ನಡೆಯುವುದು ಅಪರೂಪ. ಏಜಾಕ್ಸ್ ಮಾದರಿಯ ಪೀಠದ ಮೇಲೆ ‘ಏಜಾಕ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ತಪ್ಪುವುದಾದರೂ ಹೇಗೆ?

ಇಲ್ಲಿ ಬಳಸುವ ಮಾದರಿಗಳು ಬಹಳ ಸಣ್ಣವು. 186 ಮೀಟರ್ ಉದ್ದದ ಗ್ರಾಫ್ ಸ್ಪೀ 1:3000 ಅಳತೆಯಲ್ಲಿ 6.2 ಸೆಂಟಿಮೀಟರ್, 1:6000ದಲ್ಲಿ ಅದರರ್ಧ. ಅಮೆರಿಕದ ಜಿಎಚ್‌ಕ್ಯೂ 1:2400ರಲ್ಲಿ ಎರಕ ಹೊಯ್ಯುವ ಹಡಗುಗಳ ನಾಜೂಕು ಕೆಲಸವನ್ನು ಮೆಚ್ಚದವರಿಲ್ಲ. ಬ್ರಿಟನ್ನಿನ ನ್ಯಾವ್‌ವಾರ್‌ನ 1:3000 ಮಾದರಿಗಳು ಒರಟು, ಆದರೆ ಅಗ್ಗ. ಕೈಯಲ್ಲಿ ಹಿಡಿದು ನೋಡಿದರೆ ಮೊದಲನೆಯದೇ ಗೆಲ್ಲುತ್ತದೆ. ಮೇಜಿನ ಆಚೆ ತುದಿಯಿಂದ ನೋಡುವ ಕಣ್ಣಿಗೆ ಮಾತ್ರ ಹೊಗೆಕೊಳವೆ ಎಷ್ಟಿವೆ, ಫಿರಂಗಿ ಗೋಪುರಗಳು ಎಲ್ಲಿವೆ, ಹೊರಮೈಯ ಗೆರೆ ಹೇಗಿದೆ ಎಂಬುದಷ್ಟೇ ದಕ್ಕುತ್ತದೆ. ಎಕ್ಸೀಟರ್‌ಗೆ ಎರಡು ಹೊಗೆಕೊಳವೆ, ಏಜಾಕ್ಸ್ ಮತ್ತು ಅಕಿಲೀಸ್‌ಗೆ ಒಂದೊಂದು. ಇಷ್ಟನ್ನು ಒರಟು ಎರಕವೂ ಹೇಳುತ್ತದೆ.

ಪೀಠವಂತೂ ಬೇಕೇ ಬೇಕು. ಅದಿಲ್ಲದಿದ್ದರೆ ಹಡಗಿನ ಮೈಯನ್ನೇ ಹಿಡಿದು ಸರಿಸಬೇಕು. ನಾಲ್ಕಾರು ಆಟಗಳಲ್ಲಿ ಕೂವೆಮರ ಬಾಗುತ್ತದೆ, ಬಣ್ಣ ಏಳುತ್ತದೆ. ತಕರಾರು ಇರುವುದು ದಪ್ಪದಲ್ಲಿ. ಸುಲಭವಾಗಿ ಸಿಗುತ್ತದೆಂದು 3 ಮಿ.ಮೀ. ಎಂಡಿಎಫ್ ಹಲಗೆ ಕತ್ತರಿಸಿದರೆ, 1:3000ರ ಲೆಕ್ಕದಲ್ಲಿ ಅದು 9 ಮೀಟರ್ ಎತ್ತರದ ಜಗಲಿ. ಕ್ರೂಸರಿನ ನಡುಡೆಕ್ಕು ಕೂಡ ನೀರಿನಿಂದ ಅಷ್ಟು ಮೇಲಿರುವುದಿಲ್ಲ. ಪಾರದರ್ಶಕ ಅಕ್ರಿಲಿಕ್‌ಗೆ ಮನಸೋತವರೂ ಇದ್ದಾರೆ. ಕೆಳಗೆ ಹಾಸಿದ ನೀಲಿ ಬಟ್ಟೆ ಕಾಣುತ್ತದೆ ಎಂಬುದು ಅವರ ವಾದ. ಕಾಣುತ್ತದೆ, ನಿಜ. ಅದರ ಜೊತೆಗೆ ದೀಪದ ಬೆಳಕು ಬಿದ್ದು ಹೊಳೆಯುವ ನಾಲ್ಕು ಅಂಚುಗಳೂ ಕಾಣುತ್ತವೆ. ಅರ್ಧ ಮಿ.ಮೀ. ತಗಡಿನ ಪೀಠ ಇವೆರಡಕ್ಕಿಂತ ಮೇಲು. ಕಡಲಿನ ಬಣ್ಣ ಬಳಿದರೆ ಬಟ್ಟೆಯಲ್ಲಿ ಬೆರೆಯುತ್ತದೆ, ಅಯಸ್ಕಾಂತದ ರಬ್ಬರ್ ಹಾಳೆ ಹಾಸಿದ ಡಬ್ಬಿಯಲ್ಲಿ ಅಲುಗದೆ ಕೂರುತ್ತದೆ.

ನೊರೆಯ ವಿಷಯದಲ್ಲಿ ಕೈಬಿಗಿತ ಇನ್ನೂ ಮುಖ್ಯ. ಜೆಲ್ ಮೆತ್ತಿ ಅಲೆ ಎಬ್ಬಿಸಿ ಹಿಂದೆ ಉದ್ದನೆಯ ಬಿಳಿ ಜಾಡು ಎಳೆದರೆ ಛಾಯಾಚಿತ್ರಕ್ಕೆ ಚೆನ್ನ. ಆದರೆ ಆ ಹಡಗು ಎಂದೆಂದಿಗೂ ಪೂರ್ಣ ವೇಗದಲ್ಲೇ ಓಡುತ್ತಿರಬೇಕು. ಏಟು ತಿಂದು ಮಾಂಟೆವಿಡಿಯೊ ಬಂದರಿನಲ್ಲಿ ಲಂಗರು ಹಾಕಿದ ಗ್ರಾಫ್ ಸ್ಪೀ ಕೂಡ ನೊರೆ ಉಗುಳುತ್ತಲೇ ಇರುತ್ತದೆ. ಮೂತಿಯ ಬಳಿ ಒಂದೆರಡು ಬಿಳಿ ಗೆರೆ ಸಾಕು. ಯಾವ ಕಡೆ ಮುಖವೆಂದು ಗೊತ್ತಾದರೆ ಆಯಿತು.

ಹೀಗೆ ನೋಡಿದರೆ ಪೀಠದ ಗುಣ ನಿಲ್ಲುವುದು ಅದು ಏನನ್ನು ಹೇಳುತ್ತದೆ, ಯಾರಿಗೆ ಹೇಳುತ್ತದೆ ಎಂಬುದರ ಮೇಲೆ. 1942ರಲ್ಲಿ ಲಿವರ್‌ಪೂಲ್‌ನಲ್ಲಿ ಬ್ರಿಟಿಷ್ ನೌಕಾಧಿಕಾರಿ ಗಿಲ್ಬರ್ಟ್ ರಾಬರ್ಟ್ಸ್ ಆರಂಭಿಸಿದ ವಾರ್‌ಗೇಮ್ ತರಬೇತಿ ಘಟಕಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ನೆಲವೇ ಕಡಲು. ಜರ್ಮನ್ ಜಲಾಂತರ್ಗಾಮಿಯ ಜಾಡನ್ನು ಹಸಿರು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಪರದೆಯ ಕಿಂಡಿಯಿಂದ ಓರೆಯಾಗಿ ನೋಡುವ ಅಧಿಕಾರಿಗಳ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಈ ಎಚ್ಚರವನ್ನು ಇಂದಿನ ಹವ್ಯಾಸಿಗಳು ಮರೆತಂತಿದೆ. ಏಜಾಕ್ಸ್ ಮತ್ತು ಅಕಿಲೀಸ್ ಒಂದೇ ಲಿಯಾಂಡರ್ ವರ್ಗದವು, ಈ ಅಳತೆಯಲ್ಲಿ ಬೇರೆ ಮಾಡಲಾಗದವು, ಆದ್ದರಿಂದ ಗುರುತು ಬೇಕು ಎಂಬುದು ಒಪ್ಪತಕ್ಕ ಮಾತೇ. ಅದಕ್ಕೆ ಪೀಠದ ಹಿಂದಂಚಿನಲ್ಲಿ ಒಂದು ಅಂಕಿ ಸಾಕಲ್ಲ! ಹೆಸರು ಅಡಿಯಲ್ಲಿರಲಿ, ಎದುರಾಳಿ ಊಹಿಸಿ ಒದ್ದಾಡಲಿ.

ಮಾದರಿ ಹೊಂದಿಸುವುದರಲ್ಲಿ ಭಾರತೀಯರಿಗೊಂದು ಸ್ವಾರಸ್ಯವಿದೆ. ಇದೇ ಅಕಿಲೀಸ್ 1948ರಲ್ಲಿ ಭಾರತಕ್ಕೆ ಬಂದು ‘ಡೆಲ್ಲಿ’ ಆಯಿತು. ಪ್ಲೇಟ್ ನದಿಯ ಕಾಳಗದ ಬಗ್ಗೆ 1956ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರದಲ್ಲಿ ತನ್ನ ಪಾತ್ರವನ್ನು ತಾನೇ ವಹಿಸಿತು. ಆದರೆ 1943ರಲ್ಲಿ ಬಾಂಬು ಬಿದ್ದು ಹಿಂಬದಿಯ ಒಂದು ಗೋಪುರ ಹೋಗಿತ್ತು. ಹೀಗಾಗಿ ತೆರೆಯ ಮೇಲಿನ ಅಸಲಿ ಹಡಗಿಗಿಂತ ಅಂಗಡಿಯ ಲಿಯಾಂಡರ್ ಎರಕವೇ 1939ಕ್ಕೆ ಹತ್ತಿರ. 1957ರಲ್ಲಿ ನಮ್ಮ ನೌಕಾಪಡೆ ಸೇರಿದ ಮೊದಲ ‘ಮೈಸೂರು’ ಕೂಡ ಇಂಥದ್ದೇ. ಬ್ರಿಟಿಷರ ಬಳಿ ‘ನೈಜೀರಿಯಾ’ ಎಂಬ ಹೆಸರಲ್ಲಿ ಕಟ್ಟಿದಾಗ ಅದಕ್ಕೆ 12 ಆರಿಂಚಿನ ಫಿರಂಗಿಗಳು, ಮೈಸೂರಾದಾಗ ಒಂಬತ್ತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿದ್ದ ಅದನ್ನು ಮೇಜಿಗೆ ತರುವವರು ಫಿಜಿ ವರ್ಗದ ಎರಕ ಕೊಂಡು, ಹಿಂಬದಿಯ ಮೇಲಿನ ಗೋಪುರವನ್ನು ಚೂರಿಯಿಂದ ಕೆತ್ತಿ ತೆಗೆಯಬೇಕು. ಬಿಳಿಲೋಹ ಮೆತ್ತಗಿರುವುದರಿಂದ ಇದು ಕಷ್ಟದ ಕೆಲಸವಲ್ಲ. ತ್ರೀಡಿ ಪ್ರಿಂಟಿನ ರೆಸಿನ್ ಆದರೆ ನಳಿಗೆಗಳು ಮುರಿಯುವ ಭಯ. ಕೆತ್ತದೆ ಬರೀ ಹೆಸರು ಬದಲಿಸಿದವರ ಮೈಸೂರು, ಎದುರಾಳಿ ಗೋಪುರ ಎಣಿಸಿದ ಕೂಡಲೇ, 1940ರ ನೈಜೀರಿಯಾ ಎಂದು ಸಿಕ್ಕಿಬೀಳುತ್ತದೆ.