ಕಪಾಲದ ಕುಶಲಕರ್ಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆ ಮಗುವಿನ ತಲೆಯ ಮೇಲೆ ಗಂಟೆದ್ದಾಗ, ಎಲ್ಲೋ ಬಿದ್ದು ಪೆಟ್ಟಾಗಿರಬೇಕೆಂದು ಹಿರಿಯರು ಅರಿಸಿನ ಹಚ್ಚಿ ಸುಮ್ಮನಾಗುವುದು ಸಹಜವೇ. ಆದರೆ ವಾರಗಳು ಕಳೆದರೂ ಇಳಿಯದೆ ಬೆಳೆಯುತ್ತಲೇ ಹೋಗುವ ಗಂಟಿನ ಮೂಲವು ಕ್ವಚಿತ್ತಾಗಿ ಎಲುಬಿನೊಳಗಣ ರಕ್ತಪೂರಿತ ಕೋಶಗಳಾಗಿರುವುದುಂಟು. 1942ರಲ್ಲಿ ಜಾಫೆ, ಲಿಕ್ಟೆನ್‌ಸ್ಟೈನ್ ಎಂಬ ಅಮೆರಿಕದ ವೈದ್ಯರು ಪ್ರತ್ಯೇಕವಾಗಿ ಗುರುತಿಸಿದ ಈ ವ್ಯಾಧಿ ಸಾಮಾನ್ಯವಾಗಿ ಕೈಕಾಲುಗಳ ಉದ್ದೆಲುಬನ್ನೋ ಬೆನ್ನೆಲುಬನ್ನೋ ಹಿಡಿಯುವಂಥದ್ದು. ತಲೆಬುರುಡೆಗೆ ಬರುವುದು ಅಪರೂಪ.

ನನ್ನನ್ನು ವಿಸ್ಮಯಗೊಳಿಸುವುದು ಇದರ ರೋಗನಿದಾನ. ಮಲಗಿದ ರೋಗಿಯ ಗಂಟಿನೊಳಗೆ ರಕ್ತಕಣಗಳು ತಳಕ್ಕಿಳಿದು, ತಿಳಿದ್ರವವು ಮೇಲೆ ನಿಂತು, ಎರಡರ ನಡುವೆ ಮೂಡಿದ ನೇರಗೆರೆಯನ್ನು ಎಂ.ಆರ್.ಐ. ಚಿತ್ರದಲ್ಲಿ ಕಂಡೊಡನೆ ವೈದ್ಯನು ಅರ್ಧ ಉತ್ತರವನ್ನು ಓದಿಬಿಡುತ್ತಾನೆ. ಅರ್ಧವೆಂದೆ, ಏಕೆಂದರೆ ಬೇರೆ ಗೆಡ್ಡೆಗಳೂ ಇದೇ ಗೆರೆಯನ್ನು ತೋರಬಲ್ಲವು, ಅಂತಿಮ ನಿರ್ಣಯ ಸೂಕ್ಷ್ಮದರ್ಶಕಕ್ಕೇ ಸೇರಿದ್ದು. ಶಸ್ತ್ರಕ್ರಿಯೆಯಂತೂ ಗದಗದ ತ್ರಿಕೂಟೇಶ್ವರನ ಗುಡಿಯ ಕಂಬಗಳನ್ನು ಕಡೆದ ಶಿಲ್ಪಿಗಳ ಸಂಯಮವನ್ನೇ ಬೇಡುತ್ತದೆ: ಬರಿದೆ ಕೆರೆದುಬಿಟ್ಟರೆ ಗಂಟು ಮರಳೀತು, ಆದುದರಿಂದ ಸಾಧ್ಯವಾದೆಡೆ ನಿರೋಗಿ ಎಲುಬಿನ ಅಂಚಿನೊಡನೆ ಇಡಿಯಾಗಿ ತೆಗೆಯಬೇಕು, ಕೆಳಗಿನ ಮಿದುಳುಪೊರೆ ಹರಿಯಬಾರದು, ರಕ್ತಸ್ರಾವಕ್ಕೆ ಅಂಜಿ ಕೆಲವೊಮ್ಮೆ ಪೋಷಕ ರಕ್ತನಾಳಗಳನ್ನು ಮುಂಚೆಯೇ ಮುಚ್ಚುವುದೂ ಉಂಟು. ತೆರವಾದ ಎಡೆಯನ್ನು ಟೈಟೇನಿಯಂ ಜಾಲರಿಯಿಂದಲೋ ಎಲುಬುಸಿಮೆಂಟಿನಿಂದಲೋ ತುಂಬುತ್ತಾರೆ. ಆಮೇಲೂ ಚಿತ್ರಪರೀಕ್ಷೆ ತಪ್ಪದು. ಮರುಕಳಿಸುವುದಾದರೆ ಬಹುತೇಕ ಮೊದಲ 2 ವರ್ಷಗಳಲ್ಲೇ.