‘ಗಾಳಿ ಒತ್ಕಂಡು ನಿಂತದ’: ವಿಜ್ಞಾನ ಹೇಳುವ ಕನ್ನಡ ಮತ್ತು ತಾಳಮಲೆಯ ಮಕ್ಕಳು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ದನಿ ಕೇಳ್ತಾ ಇದೆ ಅಂದುಕೊಳ್ಳುತ್ತೇನೆ. ಊರಿಂದ ಮಾತಾಡ್ತಾ ಇದ್ದೇನೆ. ಇಲ್ಲಿ ಸಿಗ್ನಲ್ ಸಿಗೋದು ಮನೆ ಹಿಂದಿನ ದಿಣ್ಣೆ ಮೇಲೆ ಮಾತ್ರ, ಅದಕ್ಕೇ ವಿಡಿಯೊ ಆಫ್ ಮಾಡಿದ್ದೇನೆ. ನಡುವೆ ಕಟ್ಟಾದರೆ ಒಂದು ನಿಮಿಷ ಕಾಯಿರಿ.

ಈ ಸರಣಿಯಲ್ಲಿ ನನಗಿಂತ ಮೊದಲು ಮಾತಾಡಿದವರೆಲ್ಲ ಕಾದಂಬರಿ, ಕಾವ್ಯ ತಗೊಂಡರು. ನಾನು ಒಂದು ವ್ಯಾನನ್ನು ತಗೊಂಡಿದ್ದೇನೆ. ಬಡ ಮಕ್ಕಳಿಗೆ, ಕಾಡಂಚಿನ ಮಕ್ಕಳಿಗೆ ವಿಜ್ಞಾನ ಕಲಿಸೋಕೆ ಬರುವ ಸ್ವಯಂಸೇವಾ ಸಂಸ್ಥೆಗಳ ವ್ಯಾನು, ಅವರು ಹಂಚುವ ಪುಸ್ತಿಕೆ, ಅವರು ಆಡುವ ಮಾತು. ಇದು ಸಾಹಿತ್ಯ ವಿಮರ್ಶೆ ಹೇಗಾಗುತ್ತೆ ಅಂತ ನಮ್ಮ ಮಾರ್ಗದರ್ಶಕರೂ ಕೇಳಿದರು. ಮಗುವಿಗೆ ಅಂತ ಬರೆದದ್ದರಲ್ಲಿ ಯಾರು ಯಾರ ಜೊತೆ, ಯಾವ ನುಡಿಯಲ್ಲಿ ಮಾತಾಡ್ತಿದ್ದಾರೆ ಅನ್ನೋದು ವಿಮರ್ಶೆಯ ಪ್ರಶ್ನೆಯೇ ಅಂತ ನನ್ನ ನಂಬಿಕೆ.

ಮೊದಲು ಜಾಗ ಹೇಳಿಬಿಡ್ತೇನೆ. ತಾಳಮಲೆ ಇರೋದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ಮಧ್ಯೆ. ಕೆಳಗೆ ಸತ್ಯಮಂಗಲಕ್ಕೆ ಹೋಗಬೇಕಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಬೆಂಗಳೂರಲ್ಲಿ ಯಾರಾದರೂ ‘ಯಾವೂರು’ ಅಂದರೆ, ರಾಜಕುಮಾರ್ ಹುಟ್ಟಿದ ಗಾಜನೂರು ಕಡೆ ಅಂತೀನಿ, ಆಗ ಅರ್ಥ ಆಗುತ್ತೆ. 1956ರ ರಾಜ್ಯ ವಿಂಗಡಣೆಯಲ್ಲಿ ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ನಾವು ಇಲ್ಲೇ ಉಳಿದೆವು. ಮನೆಮಾತು ಚಾಮರಾಜನಗರದ ಕಡೆಯ ಕನ್ನಡ. ಸೋಲಿಗರದು ಸೋಲಿಗ ನುಡಿ, ಊರಾಳಿಗಳದು ಇನ್ನೊಂದು. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪೊಲೀಸು ಎಲ್ಲ ತಮಿಳು.

ಈಗ ವ್ಯಾನು. ನಾನು ಏಳನೇ ಕ್ಲಾಸು. ಒಂದು ಸಂಸ್ಥೆಯವರು ಬಂದಿದ್ದರು, ಹೆಸರು ಬೇಡ. ನಮ್ಮ ಸ್ಕೂಲಲ್ಲಿ ಲ್ಯಾಬು ಅಂತ ಇದ್ದದ್ದು ಬೀರುವಿನೊಳಗೆ ಬೀಗ ಹಾಕಿದ ಒಂದು ಅಸ್ಥಿಪಂಜರದ ಚಾರ್ಟು. ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ಮೈಕ್ರೋಸ್ಕೋಪಿನಲ್ಲಿ ನಾನು ಮೊದಲು ನೋಡಿದ್ದು ಆ ವ್ಯಾನಲ್ಲೇ. ಆ ಋಣ ಇಟ್ಟುಕೊಂಡೇ ಮುಂದಿನ ಮಾತು ಹೇಳ್ತಿದ್ದೇನೆ.

ಆಮೇಲೆ ಲೋಟದ ಪ್ರಯೋಗ ಮಾಡಿದರು. ನಿಮಗೆಲ್ಲ ಗೊತ್ತಿರೋದೇ. ಲೋಟದ ತುಂಬ ನೀರು, ಬಾಯಿಗೆ ರಟ್ಟು, ತಲೆಕೆಳಗೆ ಮಾಡಿ ಕೈ ಬಿಟ್ಟರೆ ರಟ್ಟು ಬೀಳಲ್ಲ. ‘ಯಾಕೆ ಬೀಳಲಿಲ್ಲ, ಯಾರು ಹೇಳ್ತೀರಿ?’ ಅಂದರು. ಎಲ್ಲರೂ ಸುಮ್ಮನಿದ್ದಾಗ ನಮ್ಮ ದೊಡ್ಡಪ್ಪನ ಮಗ ಎದ್ದು ನಿಂತು, ‘ಕೆಳಗ್ಲಿಂದ ಗಾಳಿ ಒತ್ಕಂಡು ನಿಂತದ ಸಾ’ ಅಂದ. ಕೆಲವರು ನಕ್ಕರು. ಬಂದವರೂ ನಕ್ಕು, ‘ಅಲ್ಲ, ಅದು ವಾಯುಮಂಡಲದ ಒತ್ತಡ. ಎಲ್ಲರೂ ಬರ್ಕೊಳ್ಳಿ’ ಅಂದರು. ನಾವೆಲ್ಲ ಬರೆದುಕೊಂಡೆವು. ಅವನೂ ಬರೆದುಕೊಂಡ.

ಅವನು ಹೇಳಿದ್ದು ಸರಿಯಾಗಿತ್ತು. ಬರೀ ಸರಿ ಅಲ್ಲ, ಒತ್ತಡ ಕೆಳಗಿನಿಂದ ಮೇಲಕ್ಕೂ ಇರುತ್ತೆ ಅನ್ನೋ ಕಷ್ಟದ ಸಂಗತಿಯನ್ನೇ ಅವನು ಹಿಡಿದಿದ್ದ. ‘ವಾಯುಮಂಡಲದ ಒತ್ತಡ’ ಅನ್ನೋ ಪದದಲ್ಲಿ ಆ ದಿಕ್ಕು ಇಲ್ಲ. ಇದು ನನಗೆ ಹೊಳೆದದ್ದು ಎಂ.ಎ.ಗೆ ಬಂದಮೇಲೆ. ಅಷ್ಟರಲ್ಲಿ ಅವನು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಟೆಂಪೊದಲ್ಲಿ ಟೊಮೇಟೊ, ಕೋಸು ಹೇರ್ಕೊಂಡು ಚಾಮರಾಜನಗರಕ್ಕೆ ಓಡಾಡ್ತಿದ್ದ. ಆ ಒಂದು ನಗುವಿನಿಂದ ಅವನು ಶಾಲೆ ಬಿಟ್ಟ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳಿದರೆ ಅದು ಸಿನಿಮಾ ಆಗುತ್ತೆ.

ಈ ನಗು ಬಂದದ್ದೆಲ್ಲಿಂದ? ಅದಕ್ಕೆ ಕನ್ನಡದ ವಿಜ್ಞಾನ ಬರಹದ ಇತಿಹಾಸಕ್ಕೆ ಹೋಗಬೇಕು. 1918ರಲ್ಲಿ ‘ವಿಜ್ಞಾನ’ ಅನ್ನೋ ಮಾಸಪತ್ರಿಕೆ ತಂದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ಸಾಹಿತ್ಯ ಪರಿಷತ್ತಿಗೆ ಪಂಪಭಾರತವನ್ನು ಸಂಪಾದಿಸಿಕೊಟ್ಟವರೂ ಅವರೇ. ವಿಜ್ಞಾನಕ್ಕೆ ಪದ ಕಟ್ಟುವ ಕೆಲಸ, ಹಳಗನ್ನಡ ಕಾವ್ಯ ಪರಿಷ್ಕರಿಸುವ ಕೆಲಸ ಎರಡೂ ಒಂದೇ ಕೈಯಲ್ಲಿ, ಒಂದೇ ಪಾಂಡಿತ್ಯದಲ್ಲಿ ನಡೆದವು. ಇಂಗ್ಲಿಷ್ ಬಾರದವರಿಗೂ ವಿಜ್ಞಾನ ಸಿಗಬೇಕು ಅನ್ನೋದು ಅವರ ಹಟ. ಆ ಹಟ ಇಲ್ಲದಿದ್ದರೆ ನಾವ್ಯಾರೂ ಇಲ್ಲಿ ಕೂತು ಅವರನ್ನು ವಿಮರ್ಶಿಸುತ್ತಿರಲಿಲ್ಲ. ಕಾರಂತರ ‘ಬಾಲ ಪ್ರಪಂಚ’ ಬಂತು, ಆಮೇಲೆ ‘ವಿಜ್ಞಾನ ಪ್ರಪಂಚ’. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಜೆ.ಆರ್. ಲಕ್ಷ್ಮಣರಾವ್ ಅಂಥವರ ದುಡಿಮೆಯಿಂದ ‘ಬಾಲವಿಜ್ಞಾನ’. ಅಕ್ಕಪಕ್ಕದಲ್ಲೂ ಇದೇ ಗಾಳಿ. ಕೇರಳದ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರದು, ತಮಿಳುನಾಡು ವಿಜ್ಞಾನ ವೇದಿಕೆ 1980ರದು. ವ್ಯಾನುಗಳು ಬಂದದ್ದು ಈಚೆಗೆ. ದೊಡ್ಡದು ಅಂದರೆ 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಶನ್. ಅದರ ಕ್ಯಾಂಪಸ್ಸು ಕುಪ್ಪಂ ಹತ್ತಿರ, ತೆಲುಗು, ತಮಿಳು, ಕನ್ನಡ ಮೂರೂ ಒಂದೇ ಸಂತೆಯಲ್ಲಿ ಕೇಳುವ ಸೀಮೆಯಲ್ಲಿದೆ. (ನಮ್ಮೂರಿಗೆ ಬಂದ ವ್ಯಾನು ಅವರದ್ದಲ್ಲ.) ಮಕ್ಕಳು ‘ಹೌದು’ ಅನ್ನೋದು ಬಿಟ್ಟು ‘ಯಾಕೆ’ ಅನ್ನಬೇಕು ಅಂತ ಅವರು ಹೇಳ್ತಾರೆ. ಒಪ್ಪೋಣ. ಆದರೆ ನಮ್ಮ ಕಡೆ ‘ಯಾಕೆ’ ಅನ್ನಲ್ಲ, ‘ಏತಕ್ಕ’ ಅಂತೀವಿ. ಈ ಚಿಕ್ಕ ವ್ಯತ್ಯಾಸದ ಮೇಲೆ ನನ್ನ ವಾದ ನಿಂತಿದೆ.

ಸುಮ್ಮನೆ ಸಂಸ್ಕೃತ ಬೇಡ, ಅಚ್ಚಗನ್ನಡ ಬೇಕು ಅನ್ನೋ ವಾದ ಅಲ್ಲ ನನ್ನದು. ಒಂದು ಉದಾಹರಣೆ ನೋಡಿ. ನಾನು ಓದಿದ ಕನ್ನಡ ಪುಸ್ತಕದಲ್ಲಿ ‘ದ್ಯುತಿಸಂಶ್ಲೇಷಣೆ’ ಅಂತಿತ್ತು. ಪಕ್ಕದ ಸೆಕ್ಷನ್‌ನ ತಮಿಳು ಪುಸ್ತಕದಲ್ಲಿ ‘ಒಳಿಚ್ಚೇರ್ಕೈ’. ಒಳಿ ಅಂದರೆ ಬೆಳಕು ಅಂತ ಒಂದು ಸಲ ತಿಳಿದರೆ ಸಾಕು, ಸೇರ್ಕೈ ನಮ್ಮ ‘ಸೇರಿಕೆ’ಯೇ. ಘರ್ಷಣೆಗೆ ಅವರು ‘ಉರಾಯ್ವು’ ಅಂತಾರೆ, ನಮ್ಮ ‘ಒರೆಸು’ವಿನ ನೆಂಟ. ಅಂದರೆ ಕನ್ನಡ ಮನೆಮಾತಿನ ಹುಡುಗಿಯಾದ ನನಗೆ ಕನ್ನಡದ ಪದಕ್ಕಿಂತ ತಮಿಳಿನ ಪದ ಮನೆಗೆ ಹತ್ತಿರ ಇತ್ತು. ಇದನ್ನ ನಾನು ಸಂತೋಷದಿಂದ ಹೇಳ್ತಿಲ್ಲ. 2006ರ ತಮಿಳು ಕಲಿಕೆ ಕಾಯಿದೆ ಬಂದಮೇಲೆ ಇಲ್ಲಿನ ಭಾಷಾ ಅಲ್ಪಸಂಖ್ಯಾತರು ಹತ್ತನೇ ಕ್ಲಾಸಿನ ತಮಿಳು ಪತ್ರಿಕೆಯಿಂದ ವಿನಾಯಿತಿ ಕೇಳಿಕೊಂಡು ನ್ಯಾಯಾಲಯಕ್ಕೆ ಅಲೆದವರು. ಕನ್ನಡ ಉಳಿಸಿಕೊಳ್ಳೋಕೆ ಅಷ್ಟು ಕಷ್ಟಪಟ್ಟು, ಉಳಿದ ಕನ್ನಡದಲ್ಲಿ ಪುಸ್ತಕ ತೆರೆದರೆ ಅದು ನಮ್ಮದಲ್ಲದ ಹಾಗೆ ಕಾಣ್ತಿತ್ತು. ಚಾಮರಾಜನಗರದ ಮಗುವಿಗೂ ಇದೇ ಪುಸ್ತಕ ಕಷ್ಟವೇ. ಆದರೆ ಅದರ ಸುತ್ತ ಕನ್ನಡದ ಬೋರ್ಡು, ಪೇಪರು, ಸರ್ಕಾರ ಇದೆ, ಇವತ್ತು ತಿಳಿಯದ ಪದ ನಾಳೆ ಬೇರೆಲ್ಲೋ ಕಿವಿಗೆ ಬೀಳುತ್ತೆ. ನಮಗೆ ಆ ಪದ ಸಿಗೋದು ಆ ಪುಟದಲ್ಲಿ ಮಾತ್ರ.

ಹಾಗಂತ ಪದ ಬದಲಾಯಿಸಿಬಿಟ್ಟರೆ ಮುಗೀತಾ? ‘ಎಲ್ಲರ ಕನ್ನಡ’ದ ಹಾದಿಯಲ್ಲಿ ಹೊಸದಾಗಿ ಕಟ್ಟಿದ ಪದಗಳೂ ನಮ್ಮ ಮಕ್ಕಳಿಗೆ ಅಷ್ಟೇ ಹೊಸವು. ಇನ್ನೊಂದು ಕಡೆ ‘ಮಸೂರ’ ಅನ್ನೋ ಪದ ನೋಡಿ, ಲೆನ್ಸಿಗೆ. ಅದು ಮಸೂರ ಬೇಳೆಯ ಮಸೂರವೇ. ಲ್ಯಾಟಿನ್ನಿನಲ್ಲೂ ಲೆನ್ಸ್ ಅಂದರೆ ಆ ಬೇಳೆಯೇ, ನಡುವೆ ಉಬ್ಬಿ ಅಂಚು ತೆಳುವಾದ ಆಕಾರಕ್ಕೆ ಬಂದ ಹೆಸರು. ಎಷ್ಟು ಚೆನ್ನಾಗಿದೆ! ಅಡುಗೆಮನೆಯ ವಸ್ತು. ಆದರೆ ನನಗೆ ಇದನ್ನ ಯಾವ ಪುಸ್ತಕವೂ ಹೇಳಲಿಲ್ಲ, ನಿಘಂಟು ತಿರುವುವಾಗ ಸಿಕ್ಕಿತು. ಪದ ಸಂಸ್ಕೃತದ್ದೋ ಕನ್ನಡದ್ದೋ ಅನ್ನೋದು ಎರಡನೇ ಮಾತು. ಆ ಪದದ ಬಾಗಿಲನ್ನ ಬರಹ ಮಗುವಿಗೆ ತೆರೆಯುತ್ತಾ, ಮಗು ತಾನೇ ತಂದ ಮಾತಿಗೆ ಒಳಗೆ ಜಾಗ ಕೊಡುತ್ತಾ ಅನ್ನೋದು ಮೊದಲನೇದು.

ಇಲ್ಲಿ ಕನ್ನಡ ಸಾಹಿತ್ಯ ವಿಜ್ಞಾನ ಬರಹಕ್ಕಿಂತ ಬಹಳ ಮುಂದೆ ಹೋಗಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದದ್ದು 1984ರಲ್ಲಿ. ನಂಜನಗೂಡು ಕಡೆಯ ಮಾತು, ನಮ್ಮ ಮಾತಿನ ಒಡಹುಟ್ಟು. ಓದೋಕೆ ಕಷ್ಟ ಅಂತ ಗೊಣಗಿದವರೂ ಅದನ್ನ ಸಾಹಿತ್ಯ ಅಂತ ಒಪ್ಪಿದರು, ಅಕಾಡೆಮಿ ಪ್ರಶಸ್ತಿಯೂ ಬಂತು. ಕಾದಂಬರಿಯಲ್ಲಿ ‘ನಿಂತದ’ ಅಂದರೆ ಕಲೆ, ವಿಜ್ಞಾನದ ಕ್ಲಾಸಲ್ಲಿ ‘ನಿಂತದ’ ಅಂದರೆ ತಪ್ಪು. ಈ ಅಂತರದ ಬಗ್ಗೆ ನಮ್ಮ ವಿಮರ್ಶೆ ಯಾಕೆ ಮಾತಾಡಿಲ್ಲ? ವಿಜ್ಞಾನ ಸಾಹಿತ್ಯ ಅಂದರೆ ನಾವು ‘ಸರಳವಾಗಿದೆ, ಉಪಯುಕ್ತವಾಗಿದೆ’ ಅಂತ ಎರಡು ಸಾಲು ಬರೆದು ಮುಗಿಸ್ತೀವಿ.

ಬಿ.ಜಿ.ಎಲ್. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡು ಕನ್ನಡದಲ್ಲಿ ‘ಹಸುರು ಹೊನ್ನು’ ಬರೆದರು. ವಿದ್ಯಾರ್ಥಿಗಳನ್ನು ಕರ್ಕೊಂಡು ಘಟ್ಟ ಸುತ್ತುವ ಆ ಪುಸ್ತಕದಲ್ಲಿ ಹುಡುಗರು ತಪ್ಪು ಮಾಡ್ತಾರೆ, ತರಲೆ ಮಾಡ್ತಾರೆ, ಮೇಷ್ಟ್ರೂ ನಗೆಪಾಟಲಾಗ್ತಾರೆ. ಗಿಡದ ಶಾಸ್ತ್ರೀಯ ಹೆಸರು ಆ ಗದ್ದಲದ ಮಧ್ಯದಿಂದಲೇ ಬರುತ್ತೆ. ಓದುವವನಿಗೂ ತಪ್ಪು ಹೇಳುವ ಸ್ವಾತಂತ್ರ್ಯ ಸಿಗುತ್ತೆ. ತೇಜಸ್ವಿಯವರ ‘ಕರ್ವಾಲೊ’ ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿ ವಿಜ್ಞಾನಿ ಕರ್ವಾಲೊಗೆ ಮಂದಣ್ಣ ಬೇಕು. ಜನ ಪೆದ್ದ ಅಂದುಕೊಂಡವನ ಕಣ್ಣನ್ನು ವಿಜ್ಞಾನಿ ನಂಬುತ್ತಾನೆ. ನಾವೆಲ್ಲ ಮಂದಣ್ಣನ ಬಗ್ಗೆ ಉತ್ತರ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೇವೆ. ಆದರೆ ಏಳನೇ ಕ್ಲಾಸಿನ ಮಂದಣ್ಣ ಎದ್ದು ನಿಂತು ಉತ್ತರ ಹೇಳಿದಾಗ ಅಲ್ಲಿ ಕರ್ವಾಲೊ ಇರಲಿಲ್ಲ.

ಇದು ಬರೀ ನುಡಿಯ ಸಂಗತಿಯಲ್ಲ ಅನ್ನೋದಕ್ಕೆ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಒಂದು ಪ್ರಸಂಗ ಹೇಳ್ತೇನೆ. ಕಾಡಿಗೆ ಬೆಂಕಿ ಅಂದರೆ ಹಾನಿ ಅಂತಲೇ ಮಕ್ಕಳ ಪುಸ್ತಿಕೆಗಳಲ್ಲಿ ಇರೋದು, ಪೋಸ್ಟರ್ ಸ್ಪರ್ಧೆಯ ವಿಷಯವೂ ಅದೇ. ಸೋಲಿಗರು ಹಿಂದೆ ವರ್ಷದ ಮೊದಲ ತಿಂಗಳುಗಳಲ್ಲಿ ‘ತರಗು ಬೆಂಕಿ’ ಹಾಕ್ತಿದ್ದರು. ನೆಲದ ಒಣ ಎಲೆ ಮಾತ್ರ ಸುಡುವ, ಎತ್ತರಕ್ಕೆ ಏಳದ ಬೆಂಕಿ ಅದು. ಅಭಯಾರಣ್ಯ ಆದಮೇಲೆ ಅದು ನಿಂತಿತು. ತರಗು ಬೆಂಕಿ ನಿಂತದ್ದಕ್ಕೇ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ‘ಉಪ್ಪಿಲು’ ಅನ್ನೋ ಬದನಿಕೆ ಹತ್ತಿ ಮರ ಸಾಯ್ತಿದೆ ಅಂತ ಸೋಲಿಗ ಹಿರಿಯರು ಹೇಳ್ತಾ ಬಂದರು. ಆಮೇಲೆ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಇತರರು ಆ ಮಾತನ್ನು ಗಂಭೀರವಾಗಿ ತಗೊಂಡು ಅಧ್ಯಯನ ಮಾಡಿ ಪ್ರಕಟಿಸಿದರು. ಅಂದರೆ ಅದು ಪರೀಕ್ಷೆಗೆ ಯೋಗ್ಯವಾದ ಊಹೆ, ವಿಜ್ಞಾನದ ಭಾಷೆಯಲ್ಲಿ ಪ್ರಾಕ್ಕಲ್ಪನೆ. ಈ ಊಹೆ ತಾಳಮಲೆಯ ಸೋಲಿಗ ಮಗುವಿನ ಅಜ್ಜನ ಬಾಯಲ್ಲೂ ಇರಬಹುದು. ಆದರೆ ವ್ಯಾನಿನಿಂದ ಇಳಿದವರು ಆ ಮಗುವನ್ನು ಕೇಳೋದು ‘ಕಾಡ್ಗಿಚ್ಚಿನ ದುಷ್ಪರಿಣಾಮಗಳು ಯಾವುವು?’ ಅಂತ. ಆ ಪ್ರಶ್ನೆಯ ವಾಕ್ಯದಲ್ಲೇ ಉತ್ತರ ಮುಚ್ಚಿಬಿಟ್ಟಿದೆ. ಅಜ್ಜ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಅದನ್ನ ಪರೀಕ್ಷೆ ಮಾಡಬಹುದು, ಅಷ್ಟೇ.

ಸಮಯ ಆಯ್ತು ಅಂತ ಚಾಟ್‌ನಲ್ಲಿ ಬರ್ತಾ ಇದೆ. ಪ್ರಶ್ನೆಗೆ ಹೋಗೋಣ.

ಸಂವಾದ

ವಿಭಾಗದ ಅಧ್ಯಾಪಕರು: ಒಳ್ಳೆಯ ಮಂಡನೆ. ಆದರೆ ಪಾರಿಭಾಷಿಕ ಪದ ಬೇಕೇ ಬೇಕಲ್ಲಮ್ಮ. ‘ಗಾಳಿ ಒತ್ಕಂಡು ನಿಂತದ’ ಅಂತ ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡೋರು ಯಾರು? ಮುಂದೆ ಆ ಹುಡುಗ ಮೈಸೂರಿಗೋ ಕೊಯಮತ್ತೂರಿಗೋ ಹೋದರೆ?

ಉತ್ತರ: ಹೌದು ಸರ್, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪದ ಬೇಡ ಅಂತಿಲ್ಲ. ‘ನೀನು ಹೇಳಿದೆಯಲ್ಲ, ಅದನ್ನೇ ಪುಸ್ತಕದಲ್ಲಿ ಹೀಗಂತಾರೆ’ ಅನ್ನೋ ಒಂದು ವಾಕ್ಯ ಆವತ್ತು ಬೇಕಿತ್ತು. ‘ಅಲ್ಲ’ ಅನ್ನೋ ಜಾಗದಲ್ಲಿ ‘ಹೌದು’ ಬಂದಿದ್ದರೆ ಪದವೂ ಅವನದಾಗ್ತಿತ್ತು.

ಸಹಪಾಠಿ: ನೀವು ಆಡುನುಡಿಯನ್ನು ಸ್ವಲ್ಪ ರಮ್ಯವಾಗಿ ನೋಡ್ತಿದ್ದೀರಾ ಅನ್ನಿಸ್ತು. ಸೋಲಿಗ ಮಗುವಿಗೆ ನಿಮ್ಮ ಚಾಮರಾಜನಗರದ ಕನ್ನಡವೂ ಹೊರಗಿನದೇ ಅಲ್ವಾ?

ಉತ್ತರ: ನಿಜ. ಆ ದಿನ ನಕ್ಕ ಮಕ್ಕಳಲ್ಲಿ ನಾನೂ ಇದ್ದೆ. ಸೋಲಿಗ ಮಕ್ಕಳು ಮಾತಾಡಿದಾಗ ನಾವು ನಗ್ತಿದ್ದದ್ದು ಇದಕ್ಕಿಂತ ಜಾಸ್ತಿ. ಪ್ರಬಂಧದಲ್ಲಿ ಆ ಭಾಗ ತೆಳುವಾಗಿದೆ, ಒಪ್ಪುತ್ತೇನೆ. ಅದನ್ನ ಸೋಲಿಗ ನುಡಿ ಬಲ್ಲವರೇ ಬರೆಯಬೇಕು, ನಾನು ಅವರ ಪರವಾಗಿ ಮಾತಾಡೋಕೆ ಹೋದರೆ ನಾನೇ ಇನ್ನೊಂದು ವ್ಯಾನಾಗ್ತೀನಿ.

ಅಧ್ಯಾಪಕರು: ನಿಮ್ಮ ಅಣ್ಣನಿಗೆ ಈ ಪ್ರಬಂಧದ ವಿಷಯ ಹೇಳಿದಿರಾ?

ಉತ್ತರ: ಹೇಳಿದೆ ಸರ್, ಮೊನ್ನೆ. ಅವನಿಗೆ ಆ ದಿನ ನೆನಪೇ ಇಲ್ಲ. ‘ನಾನು ಯೋಳಿದ್ದು ಸರಿಯಾ ಅಂಗಾರೆ?’ ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಲೋಟದಲ್ಲಿ ಅರ್ಧವೇ ನೀರಿದ್ರ? ಒಳಗೂ ಗಾಳಿ ಇರ್ತದಲ್ಲ, ಅದು ಮೇಲಿಂದ ಒತ್ತಾಕಿಲ್ವ?’ ಅಂತ ಕೇಳ್ದ. ನಾನು ಮಾಡಿ ನೋಡಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಹಿತ್ತಲಲ್ಲಿ ಮಾಡಿದೆವು. ರಟ್ಟು ನಿಂತಿತು, ಒಂದೆರಡು ಸಲ ನೀರು ಚೆಲ್ಲಿತು. ಯಾಕೆ ನಿಂತಿತು ಅನ್ನೋದನ್ನ ಅವನಿಗೆ ಸರಿಯಾಗಿ ಹೇಳೋಕೆ ನನಗೆ ಇನ್ನೂ ಆಗಿಲ್ಲ. ಭೌತವಿಜ್ಞಾನ ವಿಭಾಗದವರು ಯಾರಾದರೂ ಈ ಕರೆಯಲ್ಲಿದ್ದರೆ ಚಾಟ್‌ನಲ್ಲಿ ಬರೆಯಿರಿ, ಅವನು ಸಂಜೆ ಗಾಡಿ ನಿಲ್ಲಿಸಿ ಬರ್ತಾನೆ.