ಬಿರುಕಿನೊಳಗೆ ಬಣ್ಣವಿತ್ತು

ವಿಮಾನದ ಎಂಜಿನ್ ಬಿಚ್ಚಿದಾಗ ಲೋಹದ ಭಾಗಗಳಲ್ಲಿ ಬಿರುಕು ಹುಡುಕಲು ದಶಕಗಳಿಂದ ನೆಚ್ಚಿಕೊಂಡಿರುವ ವಿಧಾನ ಫ್ಲೋರೆಸೆಂಟ್ ಪೆನೆಟ್ರಂಟ್ ಪರೀಕ್ಷೆ. ಭಾಗವನ್ನು ಚೆನ್ನಾಗಿ ತೊಳೆದು, ಹೊಳೆಯುವ ಬಣ್ಣದ ದ್ರವ ಹಚ್ಚುತ್ತಾರೆ. ಅದು ಕೂದಲೆಳೆಯಂಥ ಸೀಳಿಗೂ ಇಳಿಯುತ್ತದೆ. ಮೇಲಿನದನ್ನು ತೊಳೆದು ಬಿಳಿ ಪುಡಿ ಹಾಕಿದರೆ ಒಳಗುಳಿದ ಬಣ್ಣ ಮೇಲೆ ಬರುತ್ತದೆ. ಕತ್ತಲ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಬಿರುಕು ಗೆರೆಯಾಗಿ ಬೆಳಗುತ್ತದೆ. ಖರ್ಚು ಕಡಿಮೆ, ದೊಡ್ಡ ಭಾಗವನ್ನೂ ಒಂದೇ ಸಲಕ್ಕೆ ನೋಡಬಹುದು. ವಿಧಾನ ಒಳ್ಳೆಯದೇ. ನನ್ನ ತಕರಾರಿರುವುದು ಅದರ ಫಲಿತಾಂಶವನ್ನು ಓದುವ ಬಗೆಯಲ್ಲಿ. ‘ಬಿರುಕು ಕಾಣಲಿಲ್ಲ’ ಎಂಬುದು ನೋಡಿದವರ ಅನುಭವ. ದಾಖಲೆಗೆ ಸಹಿ ಬೀಳುವಷ್ಟರಲ್ಲಿ ಅದು ‘ಬಿರುಕಿಲ್ಲ’ ಎಂದಾಗಿ, ಲೋಹದ ಗುಣವೆಂದೇ ನಿಂತುಬಿಡುತ್ತದೆ.

1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಆಕಾಶದಲ್ಲಿ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ನಿನ ಟೈಟಾನಿಯಂ ಫ್ಯಾನ್ ಡಿಸ್ಕ್ ಒಡೆಯಿತು. ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಸೂ ಸಿಟಿಯಲ್ಲಿ ಇಳಿಯುವಾಗ ನಡೆದ ಅಪಘಾತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಟೈಟಾನಿಯಂ ಕರಗಿಸುವಾಗಲೇ ಸಾರಜನಕ ಹೆಚ್ಚಾಗಿ ಬೆರೆತ ಒಂದು ಬಿರುಸಾದ ಚುಕ್ಕೆ ಅದರಲ್ಲಿ ಉಳಿದಿತ್ತು. ಬಿರುಕು ಹುಟ್ಟಿದ್ದು ಅಲ್ಲಿ. 1988ರ ಫೆಬ್ರವರಿಯಲ್ಲಿ ಇದೇ ಡಿಸ್ಕ್ ಪೆನೆಟ್ರಂಟ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಆಗಲೇ ಬಿರುಕು ಸುಮಾರು 12 ಮಿಲಿಮೀಟರ್ ಉದ್ದವಿತ್ತು. ಮುರಿದ ಮೇಲ್ಮೈಯಲ್ಲಿ ಪೆನೆಟ್ರಂಟ್ ದ್ರವದ ಕುರುಹುಗಳೂ ಸಿಕ್ಕವು. ದ್ರವ ತನ್ನ ಕೆಲಸ ಮಾಡಿತ್ತು. ತಪ್ಪಿದ್ದು ಮುಂದಿನ ಹಂತದಲ್ಲಿ. ತನಿಖಾ ಮಂಡಳಿಯೂ ಪರೀಕ್ಷಕರ ಮಾನವ ಮಿತಿಗಳನ್ನು ಕಾರ್ಯವಿಧಾನ ಸಾಕಷ್ಟು ಗಣಿಸಿರಲಿಲ್ಲ ಎಂದಿತು.

ಆ ಮಿತಿಗಳು ಏನು? ನೋಡುವ ನೂರಾರು ಭಾಗಗಳಲ್ಲಿ ಬಹುತೇಕ ಎಲ್ಲವೂ ಸರಿಯಿರುತ್ತವೆ. ಸಿಗದ್ದನ್ನು ಹುಡುಕುತ್ತಾ ಕಣ್ಣು ಮಂಕಾಗುತ್ತದೆ. ಡಿಸ್ಕನ್ನು ನಡುರಂಧ್ರದಲ್ಲಿ ಕೇಬಲ್ ತೂರಿಸಿ ನೇತುಹಾಕುತ್ತಿದ್ದರು. ಬಿರುಕಿದ್ದದ್ದೂ ಆ ರಂಧ್ರದ ಒಳಗೋಡೆಯಲ್ಲೇ. ಕೇಬಲ್ ಮುಟ್ಟುವ ಜಾಗ ಕಾಣಬೇಕಾದರೆ ಭಾಗವನ್ನು ಸರಿಸಿ, ತಿರುಗಿಸಿ ನೋಡಬೇಕಿತ್ತು.

1996ರಲ್ಲಿ ಪೆನ್ಸಕೋಲಾದಲ್ಲಿ ಡೆಲ್ಟಾ ವಿಮಾನದ ಎಂಜಿನ್ನಿನ ಫ್ಯಾನ್ ಹಬ್ ಒಡೆದು ಇಬ್ಬರು ಸತ್ತಾಗಲೂ ಬಿರುಕು ಪೆನೆಟ್ರಂಟ್ ಪರೀಕ್ಷೆಯನ್ನು ದಾಟಿ ಬಂದಿತ್ತು. ಅಂಥ ಜಾಗಗಳಿಗೆ ಎಡಿ ಕರೆಂಟ್ ಪರೀಕ್ಷೆ ಸೇರಿದ್ದು ನಿಜವಾದ ಸುಧಾರಣೆ: ಲೋಹದಲ್ಲಿ ಹರಿಯುವ ವಿದ್ಯುತ್ತಿಗೆ ಬಿರುಕು ಅಡ್ಡಬಂದರೆ ಉಪಕರಣ ಸಂಕೇತ ಕೊಡುತ್ತದೆ, ಕಣ್ಣನ್ನೇ ನಂಬಬೇಕಿಲ್ಲ. ಆದರೆ ಪೆನೆಟ್ರಂಟ್ ಪರೀಕ್ಷೆಯ ದಾಖಲೆಯಲ್ಲಿ ಇನ್ನೊಂದು ಸಾಲು ಬೇಕು ಎನ್ನುತ್ತೇನೆ: ಯಾವ ಯಾವ ಜಾಗಕ್ಕೆ ಕಣ್ಣು ತಲುಪಲಿಲ್ಲ ಎಂಬುದು. ಆ ಸಾಲು ಖಾಲಿಯಿದ್ದರೆ ಸಹಿ ಹಾಕಬಾರದು.